ಗೋಂಡ್ ಚಿತ್ರದ ಕಿಟ್: ಬಣ್ಣಕ್ಕೆ ಅಡ್ಡಿಯಿಲ್ಲ, ಪೆನ್ನು ಎತ್ತಿಡಿ

ಹುಬ್ಬಳ್ಳಿಯ ಅಂಗಡಿಗಳಲ್ಲಿ 650 ರೂಪಾಯಿಗೆ ಸಿಗುವ, ಗೋಂಡ್ ಬುಡಕಟ್ಟಿನ ಶೈಲಿಯ ಚಿತ್ರ ಬರೆಯುವ ಈ ಡಬ್ಬಿಯೊಳಗೆ 10×12 ಇಂಚಿನ ಕ್ಯಾನ್ವಾಸ್ ಬೋರ್ಡು, 15 ಮಿ.ಲೀ.ನ ಆರು ಅಕ್ರಿಲಿಕ್ ಬಣ್ಣ, 0 ಮತ್ತು 4ನೇ ನಂಬರಿನ ದುಂಡು ಬ್ರಷ್, ಕಪ್ಪು ಪೆನ್ನು, ಕಾರ್ಬನ್ ಹಾಳೆ, ಜಿಂಕೆಯ ನಕ್ಷೆ ಇವೆ.

ನಕ್ಷೆ ಚಲೋ ಇದೆ. ಜಿಂಕೆಯ ಕೊಂಬು ಮೇಲೇರುತ್ತ ಮರದ ಟೊಂಗೆಯಾಗುತ್ತದೆ, ಗೋಂಡ್ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ರೂಪವೇ ಅದು. ಸೂಚನೆಯ ಹಾಳೆ ಮಾತ್ರ ಮೈತುಂಬ ಒಂದೇ ಥರದ ಚುಕ್ಕಿ ಇಡಿ ಅನ್ನುತ್ತದೆ. ಮಧ್ಯಪ್ರದೇಶದ ಪಾಟನ್‌ಗಢದ ಪರ್ಧಾನ್ ಗೋಂಡರಲ್ಲಿ ಚಿತ್ರದ ಒಳಮೈ ತುಂಬುವ ಚುಕ್ಕಿ-ಗೆರೆಯೇ ಕಲಾವಿದರ ರುಜು. ಒಬ್ಬರದು ಸಣ್ಣ ಅಡ್ಡಗೆರೆ, ಇನ್ನೊಬ್ಬರದು ಮೀನಿನ ಪೊರೆಯಂಥದ್ದು. 1980ರ ದಶಕದಲ್ಲಿ ಭೋಪಾಲದ ಕಲಾಕೇಂದ್ರ ಭಾರತ ಭವನದ ಮೂಲಕ ಈ ಕಲೆಯನ್ನು ಕಾಗದ, ಕ್ಯಾನ್ವಾಸಿಗೆ ತಂದ ಜಂಗಢ್ ಸಿಂಗ್ ಶ್ಯಾಮ್ ಹೆಸರಿನಿಂದಲೇ ಇದಕ್ಕೆ ‘ಜಂಗಢ್ ಕಲಮ್’ ಅನ್ನುತ್ತಾರೆ. ಹಾಳೆಯಲ್ಲಿ ಆ ಹೆಸರೇ ಇಲ್ಲ, ಬರೀ ‘ಬುಡಕಟ್ಟು ಕಲೆ’!

ಕಸೂತಿ ಬಲ್ಲವರಿಗೆ ಸಣ್ಣ ಗೆರೆಯ ತಾಳ್ಮೆ ಇದ್ದೇ ಇರುತ್ತದೆ. ಆದರೆ ಕಸೂತಿ ಎಳೆ ಎಣಿಸಿ ಹೋಗುವಂಥದ್ದು; ಇಲ್ಲಿ ಗೆರೆ ಮೈಯ ತಿರುವು ಹಿಡಿದು ಹೋಗಬೇಕು. ಕುತ್ತಿಗೆಯಿಂದ ಬೆನ್ನಿಗೆ, ಬೆನ್ನಿನಿಂದ ತೊಡೆಗೆ. ನೇರ ಹಾಕಿದರೆ ಜಿಂಕೆ ಚಪ್ಪಟೆ ಹಲಗೆಯಂತೆ ಕಾಣುತ್ತದೆ.

ಮೈಬಣ್ಣವನ್ನು ತೆಳುವಾಗಿ ಎರಡು ಸಲ ಬಳಿಯಿರಿ, ನಡುವೆ ಅರ್ಧ ತಾಸು ಬಿಡಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಾದರೆ ಒಂದು ತಾಸು. ಹಸಿ ಇರುವಾಗಲೇ ಚುಕ್ಕಿ ಇಟ್ಟರೆ ಕೆಳಗಿನ ಬಣ್ಣ ಕಿತ್ತುಬರುತ್ತದೆ. ಚುಕ್ಕಿಯ ಬಣ್ಣ ದೋಸೆ ಹಿಟ್ಟಿನ ಹದಕ್ಕಿರಲಿ: ಗಟ್ಟಿಯಾದರೆ ತುದಿಯಲ್ಲಿ ಬಾಲ ಎದ್ದು ನಿಲ್ಲುತ್ತದೆ, ಮಜ್ಜಿಗೆಯಂತಾದರೆ ಹರಡುತ್ತದೆ. ಕಿಟ್‌ನ ಬಿಳಿ ಮೊದಲೇ ನೀರು, ಕಡು ನೀಲಿಯ ಮೇಲೆ ಎರಡು ಸಲ ಇಡದೆ ಏಳುವುದಿಲ್ಲ. ಉಳಿದ ಐದು ಬಣ್ಣ ಪರವಾಗಿಲ್ಲ.

ಪೆನ್ನಂತೂ ಬೇಡವೇ ಬೇಡ. ಅದರ ಮಸಿ ನೀರಿಗೆ ಕರಗುತ್ತದೆ. ಕೊನೆಗೆ ನೀರಿನಂಶದ ವಾರ್ನಿಷ್ ಬಳಿದಾಗ ಹೊರಗೆರೆಯೆಲ್ಲ ಕಪ್ಪು ಮೋಡವಾಗಿ ಹರಡುತ್ತದೆ. 0 ನಂಬರಿನ ಬ್ರಷ್ಷಿನಿಂದ ಕಪ್ಪು ಅಕ್ರಿಲಿಕ್‌ನಲ್ಲೇ ಗೆರೆ ಎಳೆಯಿರಿ, ಇಲ್ಲವೇ ನೀರಿಗೆ ಕರಗದ ಪಿಗ್ಮೆಂಟ್ ಪೆನ್ನು ತನ್ನಿ.

ಮನೆಯಲ್ಲಿ ಆಗಲೇ ಅಕ್ರಿಲಿಕ್ ಬಣ್ಣ ಇದ್ದವರು ಬೋರ್ಡು, ಸಣ್ಣ ಬ್ರಷ್ಷು ಅಷ್ಟೇ ಬಿಡಿಯಾಗಿ ಕೊಂಡರೆ ಸಾಕು. ಜಿಂಕೆಯನ್ನು ಪೆನ್ಸಿಲಿನಲ್ಲೇ ಬರೆದುಕೊಳ್ಳಬಹುದು.