ಹಳೇ ಬೋಟ್ ಟ್ರೈಲರ್ ತರೋರು ಮೊದಲು ಟೈರ್ ಮೇಲಿನ ನಂಬರ್ ಓದಿ

ಕಳೆದ ಮಾರ್ಚಲ್ಲಿ ಮಂಗಳೂರು ಕಡೆಯಿಂದ ಒಂದು ಹಳೇ ಫೈಬರ್ ಬೋಟು ತಂದೆ. ಸಕಲೇಶಪುರದ ಹತ್ತಿರ ನಮ್ಮ ತೋಟದ ಕೆರೆಗೆ, ಹೋಂಸ್ಟೇಗೆ ಬರೋರು ಕೇಳ್ತಾರೆ ಅಂತ. ಬೋಟು, ಇಂಜಿನ್ನು, ಟ್ರೈಲರ್ ಎಲ್ಲ ಸೇರಿ ಒಂದೇ ರೇಟು. ಇಂಜಿನ್ ಸ್ಟಾರ್ಟ್ ಮಾಡಿಸಿ ನೋಡಿದೆ, ಬೋಟಿನ ತಳ ತಟ್ಟಿ ನೋಡಿದೆ. ಟೈರ್ ಕಡೆ ಸುಮ್ಮನೆ ಕಣ್ಣು ಹಾಯಿಸಿದೆ ಅಷ್ಟೇ. ಬಟನ್, ಅಂದರೆ ರಸ್ತೆಗೆ ತಾಗೋ ಉಬ್ಬುಗಳು ಸವೆದಿರಲಿಲ್ಲ, ಕರ‍್ರಗೆ ಮಿಂಚ್ತಿತ್ತು.

ಗುಂಡ್ಯದಲ್ಲಿ ಟೀಗೆ ನಿಲ್ಲಿಸಿದಾಗ ಮಟಮಟ ಮಧ್ಯಾಹ್ನ. ಬಾಮೈದ ಟ್ರೈಲರ್ ಸುತ್ತ ಒಂದು ರೌಂಡ್ ಹಾಕಿ ಬಂದು, "ಭಾವ, ಎಡಗಡೆ ಟೈರ್ ಮೇಲೆ ಕೈ ಇಡಕ್ಕಾಗ್ತಿಲ್ಲ" ಅಂದ.

"ಬಿಸಿಲು ಕಣೋ, ಜೀಪ್ ಹತ್ತು" ಅಂದೆ.

ಶಿರಾಡಿ ಘಾಟಿ ಏರು ಹಿಡಿದು ಸ್ವಲ್ಪ ಹೊತ್ತಿಗೆ ಹಿಂದೆ ಢಂ ಅಂತು. ಟೈರಿನ ಮೇಲ್ಪದರ ಬಾಳೆಪಟ್ಟೆ ಹಾಗೆ ಸುಲಿದು, ಮಡ್‌ಗಾರ್ಡ್ ಕಿತ್ತು, ಬೋಟಿನ ಪಕ್ಕಕ್ಕೆ ಬಡಿದು ಅಂಗೈಯಗಲ ತೂತು. ಹಿಂದೆ ಟ್ಯಾಂಕರ್‌ಗಳ ಸಾಲು, ಹಾರನ್ನು. ಟ್ರೈಲರಿಗೆ ಸ್ಟೆಪ್ನಿ ಇಲ್ಲ, ಜೀಪಿನದು ಕೂರಲ್ಲ. ಉಪ್ಪುನೀರಿಗೆ ಇಳಿಸಿ ಇಳಿಸಿ ವೀಲ್ ನಟ್ ತುಕ್ಕು ಹಿಡಿದಿತ್ತು. ಸ್ಪ್ಯಾನರ್ ಜಾರಿ ನನ್ನ ಬೆರಳ ಗೆಣ್ಣು ಕಿತ್ತುಬಂತೇ ಹೊರತು ನಟ್ ಅಲುಗಲಿಲ್ಲ.

ಸಕಲೇಶಪುರದಿಂದ ಪಂಕ್ಚರ್ ಅಂಗಡಿಯವರು ಬರೋ ಹೊತ್ತಿಗೆ ಸಂಜೆ. ಅವರು ಸರಿಯಿದ್ದ ಇನ್ನೊಂದು ಟೈರನ್ನ ಹೆಬ್ಬೆರಳಲ್ಲಿ ಉಜ್ಜಿದರು. ಬೆರಳಿಗೆ ಕರೀ ಪಾಲಿಶ್ ಮೆತ್ತಿಕೊಂಡಿತು, ಅದರಡಿ ಒಡೆದ ಹಿಮ್ಮಡಿಯಂಥ ಬಿರುಕು. ಆಮೇಲೆ ಟಾರ್ಚ್ ಬಿಟ್ಟು ನಾಲ್ಕು ಅಂಕಿ ತೋರಿಸಿದರು: 2311. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2011ರ 23ನೇ ವಾರದ ಟೈರು! "ಇದು ಓಡಿ ಸವೆದಿದ್ದಲ್ಲ ಸಾರ್, ನಿಂತು ನಿಂತೇ ಸತ್ತಿರೋದು" ಅಂದರು. ಬೋಟ್ ಟ್ರೈಲರ್ ವರ್ಷಕ್ಕೆ ನಾಲ್ಕು ಸಲ ಓಡಿದರೆ ಹೆಚ್ಚು, ಬಟನ್ ಎಲ್ಲಿಂದ ಸವೆಯುತ್ತೆ? ರಬ್ಬರ್‌ಗೆ ಮಾತ್ರ ವಯಸ್ಸಾಗ್ತಾನೇ ಇರುತ್ತೆ.

ಮಾರಿದವರಿಗೆ ಫೋನ್ ಮಾಡಿದೆ. "ಕೊಡುವಾಗ ಗಾಳಿ ಇತ್ತಲ್ಲ ಸಾರ್" ಅಂದರು.

ಆಮೇಲೆ ಕಾಫಿ ತೂಕ ಹಾಕಿಸೋ ವೇ ಬ್ರಿಡ್ಜ್ ಮೇಲೆ ಬೋಟ್ ಸಮೇತ ನಿಲ್ಲಿಸಿದೆ, 890 ಕೆಜಿ. ಹಾಕಿದ್ದದ್ದು ಸಣ್ಣ ಕಾರಿನ ಟೈರು, ಸೈಜಿನ ಪಕ್ಕ 74 ಅಂತಿತ್ತು. ಅದು ಲೋಡ್ ನಂಬರ್. 74 ಅಂದರೆ ಒಂದು ಟೈರ್ 375 ಕೆಜಿ ಹೊರುತ್ತೆ, ಎರಡಕ್ಕೆ 750. ಹೊರಡುವಾಗ ನಾನು ಗಾಳಿಯನ್ನೂ ಚೆಕ್ ಮಾಡಿರಲಿಲ್ಲ. ಗಾಳಿ ಕಮ್ಮಿಯಾದರೆ ಟೈರಿನ ಪಕ್ಕೆ ಸುತ್ತು ಸುತ್ತಿಗೂ ಮಡಚಿ ಬಿಚ್ಚಿ ಒಳಗೊಳಗೇ ಕಾಯುತ್ತೆ. ಗುಂಡ್ಯದಲ್ಲಿ ಬಾಮೈದನ ಕೈ ಸುಟ್ಟಿದ್ದು ಬಿಸಿಲಲ್ಲ.

ಈಗ ಹಾಕಿಸಿರೋದು ಸಣ್ಣ ಗೂಡ್ಸ್ ಗಾಡಿಗಳಿಗೆ ಬರೋ 145 ಆರ್ 12 ಎಲ್‌ಟಿ ಸೈಜು, 8 ಪ್ಲೈ, ಅಂದರೆ ಹೆಚ್ಚು ಭಾರ ತಡೆಯೋ ಗಟ್ಟಿ ಟೈರು. ಲೋಡ್ ನಂಬರ್ 86, ಅಂದರೆ ತಲಾ 530 ಕೆಜಿ. ಇದಕ್ಕೆ ಗಾಳಿ ಜಾಸ್ತಿ ಬೇಕು, ತುಕ್ಕು ತಿಂದ ಹಳೇ ರಿಮ್ಮು ತಡೆಯಲ್ಲ ಅಂತ ರಿಮ್ಮೂ ಬದಲಾಯಿಸಿದೆ. ಸ್ಟೆಪ್ನಿಗೆ ಅಂತ ಮೂರನೇದೂ ತಗೊಂಡೆ. ಗಾಳಿ ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ನೋಡ್ತೀನಿ.

ಕೆಲಸ ಇಲ್ಲದಾಗ ಟ್ರೈಲರ್‌ಗೆ ಜಾಕಿ ಕೊಟ್ಟು ಸೈಜುಗಲ್ಲಿನ ಮೇಲೆ ಕೂರಿಸಿ, ಟೈರಿಗೆ ಗೋಣಿಚೀಲ ಹೊದಿಸಿಡ್ತೀವಿ. ಇನ್ನೊಂದು, ದೂರದಿಂದ ಬಂದ ಕೂಡಲೇ ಟ್ರೈಲರ್‌ನ ನೀರಿಗಿಳಿಸಬೇಡಿ. ಚಕ್ರದ ನಡುವೆ ಬೇರಿಂಗ್ ಕೂರೋ ಹಬ್ ಕಾದಿರುವಾಗ ತಣ್ಣೀರಿಗೆ ಬಿದ್ದರೆ ನೀರನ್ನ ಒಳಗೆಳೆದುಕೊಂಡು ಬೇರಿಂಗ್ ಹಾಳಾಗುತ್ತೆ. ನಮ್ಮದನ್ನ ಬಿಚ್ಚಿದಾಗ ಗ್ರೀಸು ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು.