ಉದ್ಯಮಬಾಗದ ಒಂದು ಲ್ಯಾಪಿಂಗ್ ಘಟಕ: ಚೀಟಿಯ ಅಂಕಿ ಸರಿ, ಅಂಚು ತಪ್ಪು

ಟೈಟಾನಿಯಂ ಮಿಶ್ರಲೋಹದ ತುಂಡುಗಳನ್ನು ಕರಗಿಸದೆಯೇ ಒಂದಕ್ಕೊಂದು ಬೆಸೆಯುವ ಪ್ರಯೋಗಕ್ಕಾಗಿ, ಬೆಳಗಾವಿಯ ಉದ್ಯಮಬಾಗದಲ್ಲಿರುವ ಗ್ರೈಂಡಿಂಗ್ ಮತ್ತು ಲ್ಯಾಪಿಂಗ್ (ಉಜ್ಜುಪುಡಿಯಿಂದ ಉಜ್ಜಿ ಮುಖ ನುಣುಪಾಗಿಸುವ ಕೆಲಸ) ಘಟಕವೊಂದರಲ್ಲಿ ಎರಡು ಸಲ ಕೆಲಸ ಮಾಡಿಸಿದ್ದೇನೆ. ಹೈಡ್ರಾಲಿಕ್ ವಾಲ್ವುಗಳ ಮುಖ ಉಜ್ಜುವುದು ಅವರ ನಿತ್ಯದ ಕಸುಬು. ನನ್ನಂಥ ಗಿರಾಕಿ ಅಪರೂಪ. ಮುಂದೆ ಹೇಳಲಿರುವ ತಪ್ಪಿನಲ್ಲಿ ನನ್ನ ಪಾಲೂ ಇರುವುದರಿಂದ ಘಟಕದ ಹೆಸರನ್ನು ಬರೆಯುತ್ತಿಲ್ಲ.

ಇಂಥ ಕೆಲಸಕ್ಕೆ ಮುಖದ ನುಣುಪು ಏಕೆ ಬೇಕೆಂಬುದನ್ನು ಮೊದಲು ಹೇಳಬೇಕು. ಹೀಗೆ ಕರಗಿಸದೆ ಬೆಸೆಯುವ ವಿಸರಣ ಬೆಸುಗೆಯಲ್ಲಿ ತುಂಡುಗಳನ್ನು ನಿರ್ವಾತ ಕುಲುಮೆಯಲ್ಲಿಟ್ಟು, ಈ ಮಿಶ್ರಲೋಹಕ್ಕಾದರೆ ಸುಮಾರು 920 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಕೆಲವೇ ಮೆಗಾಪಾಸ್ಕಲ್ ಒತ್ತಡದಲ್ಲಿ ಒಂದೆರಡು ಗಂಟೆ ಹಿಡಿದಿಡುತ್ತಾರೆ. ಆದರೆ ಖಡಕ್ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದಾಗ ಅವು ಗುಳ್ಳೆಗಳ ನೆತ್ತಿಯಲ್ಲಷ್ಟೇ ತಾಗುವಂತೆ, ಲೋಹದ ಮುಖಗಳೂ ಮೊದಲಿಗೆ ಉಬ್ಬುಗಳ ತುದಿಯಲ್ಲಿ ಮಾತ್ರ ಕೂಡುತ್ತವೆ. ಆ ತುದಿಗಳು ಚಪ್ಪಟೆಯಾದ ಮೇಲೂ ನಡುವೆ ಉಳಿಯುವ ಪೊಳ್ಳುಗಳನ್ನು ಲೋಹವು ನಿಧಾನವಾಗಿ ಹರಿದು, ಪರಮಾಣುಗಳು ಜಾಗ ಬದಲಿಸಿ ತುಂಬಬೇಕು. ಒರಟುತನ ಹೆಚ್ಚಿದಷ್ಟೂ ಪೊಳ್ಳು ದೊಡ್ಡದಾಗುತ್ತದೆ, ಅದು ಮುಚ್ಚಲು ಹೊತ್ತೂ ಹೆಚ್ಚು ಬೇಕಾಗುತ್ತದೆ. ಹೊತ್ತು ಹೆಚ್ಚಿಸಿದರೆ ಲೋಹದೊಳಗಿನ ಹರಳುಕಣಗಳು ದಪ್ಪವಾಗಿ ಅದರ ಬಲವೇ ಕುಂದುತ್ತದೆ.

ಘಟಕದವರ ಕೈಕೆಲಸದ ಬಗ್ಗೆ ದೂರಿಲ್ಲ. ತುಂಡನ್ನು ಕೈಗೆತ್ತಿಕೊಂಡ ಮೇಸ್ತ್ರಿ, "ಇದು ಚುಂಬಕದ ಮ್ಯಾಲ ನಿಲ್ಲೂದಿಲ್ರಿ ಸರ" ಎಂದು ನಾನು ಹೇಳುವ ಮೊದಲೇ ಹೇಳಿದರು. ಗ್ರೈಂಡಿಂಗ್ ಯಂತ್ರದಲ್ಲಿ ತುಂಡನ್ನು ಹಿಡಿದಿಡುವ ಚುಂಬಕಕ್ಕೆ ಟೈಟಾನಿಯಂ ಅಂಟದು. ಹಾಗಾಗಿ ಪ್ರತಿ ತುಂಡನ್ನೂ ವೈಸ್‌ನಲ್ಲಿ ಹಿಡಿದು ಗ್ರೈಂಡ್ ಮಾಡಿದರು. ಬಳಿಕ ಕೈಯಿಂದಲೇ ಲ್ಯಾಪ್ ಮಾಡಿ, ನಾಲ್ಕನೆಯ ದಿನ, ಹೇಳಿದ ಹೊತ್ತಿಗೆ ಒಪ್ಪಿಸಿದರು. ಜೊತೆಗಿದ್ದ ಚೀಟಿಯಲ್ಲಿ ಸರಾಸರಿ ಒರಟುತನ 0.2 ಮೈಕ್ರಾನ್ ಎಂದಿತ್ತು. ನಮ್ಮ ಉಪಕರಣದಲ್ಲಿ ಅಳೆದಾಗಲೂ ಅಷ್ಟೇ ಬಂತು.

ಬೆಸೆದ ತುಂಡನ್ನು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಡುಭಾಗದಲ್ಲಿ ಕೂಡಿದ ಗೆರೆಯೇ ಕಾಣದಷ್ಟು ಚೆನ್ನಾಗಿತ್ತು. ಅಂಚಿನಿಂದ ಒಂದೂವರೆ ಮಿಲಿಮೀಟರ್ ಒಳಗಿನವರೆಗೆ ಮಾತ್ರ ಕಪ್ಪು ಸೀಳು ಉಳಿದಿತ್ತು. ಮೆತ್ತನೆಯ ಬಟ್ಟೆಯ ಮೇಲೆ ಕೈಯಿಂದ ಉಜ್ಜಿದ್ದರಿಂದ ತುಂಡಿನ ಅಂಚು ಇಳಿಜಾರಾಗಿ ಸವೆದಿತ್ತು. ಒರಟುತನದ ಉಪಕರಣ ಇದನ್ನು ಹಿಡಿಯುವುದಿಲ್ಲ, ಏಕೆಂದರೆ 0.8 ಮಿಲಿಮೀಟರ್ ಕಟ್‌ಆಫ್ ಇಟ್ಟಾಗ ಅದು ಅದಕ್ಕಿಂತ ಉದ್ದನೆಯ ಏರಿಳಿತವನ್ನು ಸೋಸಿಬಿಡುತ್ತದೆ. ಮೇಲಾಗಿ ಮುಖದ ಮೇಲೆ ಹಾಯ್ದು ಒರಟುತನ ಅಳೆಯುವ ಅದರ ಸೂಜಿಯನ್ನು ಎಲ್ಲರೂ ಎಳೆಯುವುದು ನಡುವಿನಲ್ಲೇ. ನುಣುಪು ಬೇರೆ, ಸಮತಟ್ಟು ಬೇರೆ ಎಂಬುದನ್ನು ಆರ್ಡರಿನಲ್ಲಿ ಬರೆಯದೇ ಹೋದವನು ನಾನು.

ಎರಡನೆಯ ಸಲ ತುಂಡುಗಳ ಸುತ್ತ ಅದೇ ಲೋಹದ ಕಾವಲು ಪಟ್ಟಿಗಳನ್ನು ಕಟ್ಟಿ, ಎರಕದ ಕಬ್ಬಿಣದ ಗಟ್ಟಿ ತಟ್ಟೆಯ ಮೇಲೆ ಲ್ಯಾಪ್ ಮಾಡಿಸಿದೆ. ಸವೆತವನ್ನೆಲ್ಲ ಪಟ್ಟಿಗಳೇ ತಿಂದವು. ಸೋಡಿಯಂ ದೀಪದ ಬೆಳಕಿನಲ್ಲಿ ಆಪ್ಟಿಕಲ್ ಫ್ಲಾಟ್ ಎಂಬ ಸಮತಟ್ಟಾದ ಗಾಜನ್ನು ಮುಖದ ಮೇಲಿಟ್ಟು ನೋಡಿದರೆ ಬೆಳಕು-ಕತ್ತಲೆಯ ಪಟ್ಟೆಗಳು ಕಾಣುತ್ತವೆ. ಒಂದು ಪಟ್ಟೆಯಿಂದ ಇನ್ನೊಂದಕ್ಕೆ ಗಾಜು-ಮುಖಗಳ ನಡುವಿನ ಅಂತರದಲ್ಲಿ ಸುಮಾರು 0.3 ಮೈಕ್ರಾನ್ ವ್ಯತ್ಯಾಸ. ಅಂಚಿನವರೆಗೂ ಪಟ್ಟೆಗಳು ಬಾಗದೆ ನೇರವಾಗಿದ್ದವು, ಅಂದರೆ ಮುಖ ಸಮತಟ್ಟಾಗಿತ್ತು. ಕೂಲಿ ಒಂದೂವರೆ ಪಟ್ಟಾಯಿತು. ಚೌಕಾಸಿ ಮಾಡಲಿಲ್ಲ.

ಒಂದು ಕೊರತೆ ಇನ್ನೂ ಉಳಿದಿದೆ. ತುಂಡುಗಳನ್ನು ಸೀಮೆಎಣ್ಣೆ ಮತ್ತು ಕಾಟನ್ ವೇಸ್ಟಿನಿಂದ ಒರೆಸಿ ಕೊಡುತ್ತಾರೆ. ವಾಲ್ವಿಗೆ ಅದು ಸಾಕು, ಬೆಸುಗೆಗೆ ಸಾಲದು. ಅಸಿಟೋನಿನಲ್ಲಿ ಅಲ್ಟ್ರಾಸಾನಿಕ್ ತೊಳೆತವನ್ನು ನಾವೇ ಮಾಡಿಕೊಳ್ಳಬೇಕು. ಬಿಸಿಯಲ್ಲಿ ಟೈಟಾನಿಯಂ ತನ್ನ ಮೇಲಿನ ಆಕ್ಸೈಡ್ ಪೊರೆಯನ್ನು ತಾನೇ ಕರಗಿಸಿಕೊಳ್ಳುತ್ತದೆ, ಜಿಡ್ಡನ್ನಲ್ಲ. ಅಲ್ಯೂಮಿನಿಯಂ ತರುವವರಿಗೆ ಆ ಸೌಲಭ್ಯವೂ ಇಲ್ಲ. ಅದರ ಪೊರೆ ಕರಗದೆ ಉಳಿಯುವುದರಿಂದ ಎಷ್ಟು ನುಣುಪು ಮಾಡಿಸಿದರೂ ಅಷ್ಟರಿಂದಲೇ ಬೆಸುಗೆ ಕೂಡುವುದಿಲ್ಲ.

ಮುಂದಿನ ಸಲ ತಾಮ್ರದ ತುಂಡುಗಳನ್ನು ಒಯ್ಯುವವನಿದ್ದೇನೆ. ಮೆದು ಲೋಹದಲ್ಲಿ ಉಜ್ಜುಪುಡಿಯ ಕಣಗಳು ನಾಟಿಕೊಳ್ಳುವುದರಿಂದ, ಯಾವ ಪೇಸ್ಟ್ ಬಳಸುತ್ತಾರೆಂಬುದನ್ನು ಈ ಬಾರಿ ಮೊದಲೇ ಕೇಳಬೇಕಾಗಿದೆ.