ಬ್ರೇಕ್ ಆಯಿಲ್ ಕೆಟ್ಟಿದೆ: ಆಯಿಲ್ ಬದಲಾಯಿಸಿದ್ರೆ ಸಾಕಾ, ಪಾರ್ಟ್ಸೂ ಹಾಕಿಸ್ಬೇಕಾ?

ಗ್ಯಾರೇಜಲ್ಲಿ ಒಬ್ರು ಆಯಿಲ್ ಬದಲಾಯಿಸಿ ಸಾಕು ಅಂತಾರೆ, ಇನ್ನೊಬ್ರು ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರಿಂದ ಹಿಡ್ದು ಎಲ್ಲಾ ಬಿಚ್ಬೇಕು ಅಂತಾರೆ, ಯಾವ್ದು ಸರಿ ಅನ್ನೋದು ಒಳಗೆ ಸೇರಿರೋದು ನೀರಾ ಎಂಜಿನ್ ಆಯಿಲ್ ಥರದ ಬೇರೆ ಎಣ್ಣೆಯಾ ಅನ್ನೋದ್ರ ಮೇಲಿದೆ.

ಸಾಮಾನ್ಯವಾಗಿ ನೀರೇ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರ್ಕೊಳ್ಳುತ್ತೆ. ಹೊಸ ಡಾಟ್ 4 (ಡಬ್ಬದ ಮೇಲೆ ಬರೆದಿರೋ ಬ್ರೇಕ್ ಆಯಿಲ್ ದರ್ಜೆ) ಕನಿಷ್ಠ 230 ಡಿಗ್ರಿವರೆಗೂ ಕುದಿಯಬಾರ್ದು, 3.7% ನೀರು ಸೇರಿದ್ರೆ ಆ ಮಿತಿ 155, ಡಾಟ್ 3 ಆದ್ರೆ 205 ಮತ್ತೆ 140. ಚಾರ್ಮಾಡಿ ಥರದ ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದ್ರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತೆ. ಆಯಿಲಲ್ಲಿ ನೀರೆಷ್ಟಿದೆ ಅಂತ ಅಳೆಯೋ ಟೆಸ್ಟರ್ ಪೆನ್ 3% ದಾಟಿ ತೋರಿಸಿದ್ರೆ ಆಯಿಲ್ ಬದಲಾಯಿಸಿ ಸಾಕು, ಆದ್ರೆ ನಾಲ್ಕೂ ಚಕ್ರದ ಬ್ಲೀಡರ್ ನಿಪ್ಪಲ್ಲಿಂದ (ಆಯಿಲ್ ಹೊರಗೆ ಬಿಡೋ ಸ್ಕ್ರೂ) ಹೊಸ ಆಯಿಲ್ ಬರೋವರೆಗೂ ಬಿಡ್ಬೇಕು. ಗಾಡಿಯ ಬ್ರೇಕ್ ಆಯಿಲ್ ತುಂಬೋ ಡಬ್ಬಿಯಿಂದ ಮಾತ್ರ ಸಿರಿಂಜಲ್ಲಿ ಎಳ್ದು ಹೊಸದು ಸುರಿಯೋದು ದುಡ್ಡು ದಂಡ, ಚಕ್ರದ ಹತ್ರ ಬ್ರೇಕ್ ಪ್ಯಾಡ್ ಒತ್ತೋ, ಜಾಸ್ತಿ ಕಾಯೋ ಕ್ಯಾಲಿಪರಲ್ಲಿ ಹಳೇದೇ ಉಳಿಯುತ್ತೆ.

ಎಣ್ಣೆ ಕಥೆನೇ ಬೇರೆ. ಯಾರಾದ್ರೂ ಎಂಜಿನ್ ಆಯಿಲೋ ಪವರ್ ಸ್ಟೀರಿಂಗ್ ಆಯಿಲೋ ಸುರಿದಿದ್ರೆ ಡಬ್ಬಿ ಮುಚ್ಚಳದೊಳಗಿನ ರಬ್ಬರ್ ಊದಿ ಸೊಟ್ಟಗಾಗಿ ವಾಪಸ್ ಕೂರೋದೇ ಇಲ್ಲ. ಡಬ್ಬಿಯಿಂದ ಸ್ವಲ್ಪ ತೆಗ್ದು ಲೋಟದ ನೀರಿಗೆ ಹಾಕಿ ನೋಡಿ, ಬ್ರೇಕ್ ಆಯಿಲ್ ಆದ್ರೆ ಕರಗುತ್ತೆ, ಎಣ್ಣೆ ತೇಲುತ್ತೆ. ತೇಲಿದ್ರೆ ಗಾಡಿ ಓಡಿಸ್ಲೇಬೇಡಿ, ಟೋ ಮಾಡ್ಸಿ. ಮಾಸ್ಟರ್ ಸಿಲಿಂಡರ್, ಹೋಸ್‌ಗಳು, ಕ್ಯಾಲಿಪರ್ ಸೀಲ್, ಹಿಂದಿನ ವೀಲ್ ಸಿಲಿಂಡರ್, ಚಕ್ರ ಲಾಕ್ ಆಗದಂತೆ ತಡೆಯೋ ಎಬಿಎಸ್ ಯೂನಿಟ್ಟೂ ಸೇರಿ ರಬ್ಬರ್ ಇರೋದೆಲ್ಲಾ ಬದಲಾಯಿಸ್ಬೇಕು, ಬಿಲ್ ದೊಡ್ಡದೇ ಆಗುತ್ತೆ, ಆದ್ರೂ ಇಲ್ಲಿ ಉಳಿಸೋಕೆ ಹೋಗ್ಬೇಡಿ.